ಡ್ರೆಸಿಂಗ್ ಕೋಣೆಯ ಬಸ್ಸು

ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು, ಹರಿಹರ, ದಾವಣಗೆರೆ, ಭರಮಸಾಗರ, ಚಿತ್ರದುರ್ಗ, ಐಮಂಗಲ, ಹಿರಿಯೂರು, ಸಿರಾ, ತುಮಕೂರು, ಡಾಬಸ್‌ಪೇಟೆ, ನೆಲಮಂಗಲ, ಬೆಂಗಳೂರು.

ನಿವೃತ್ತಿಯಾಗಿ ವರ್ಷಗಳು ಕಳೆದರೂ ಅವರು ಈ ಹೆಸರುಗಳನ್ನು ತಡವರಿಸದೆ ಹೇಳುತ್ತಾರೆ. ಆ ರಸ್ತೆಯಲ್ಲಿ ಅವರು ಓಡಾಡಿದ್ದು ಕಡಿಮೆ. ಊರುಗಳು ಬಾಯಿಪಾಠವಾದದ್ದು 1999ರ ಶಿವರಾತ್ರಿಯ ಆಸುಪಾಸಿನಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರ ಸುಟ್ಟಗಾಯಗಳ ವಾರ್ಡಿನ ಪಕ್ಕದ ಡ್ರೆಸಿಂಗ್ ಕೋಣೆಯಲ್ಲಿ. ನಾಲ್ಕು ವರ್ಷದ ಹುಡುಗನ ಮೈಗೆ ಅಂಟಿದ ಗಾಜ್ ಬಟ್ಟೆಯನ್ನು ಸಿಸ್ಟರ್ ಸಲೈನ್ ಸುರಿದು, ನೆನೆಸಿ, ಎಳೆ ಎಳೆಯಾಗಿ ಬಿಡಿಸುತ್ತಿದ್ದಷ್ಟು ಹೊತ್ತೂ ಅವನ ಅಪ್ಪ ತಲೆಯ ಬಳಿ ನಿಂತು ಒಂದೊಂದೇ ಊರಿನ ಹೆಸರು ಕೂಗುತ್ತಿದ್ದ. ಅಪ್ಪ ಬಸ್ ಕಂಡಕ್ಟರ್.

ಅವರ ಹುದ್ದೆಯ ಹೆಸರು ಮೆಡಿಕಲ್ ಸೋಶಿಯಲ್ ವರ್ಕರ್. ವಾರ್ಡಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ‘ಪೇಪರ್ ಮೇಡಂ’ ಎಂದು. ರೇಷನ್ ಕಾರ್ಡಿನ ನಕಲು ನೋಡಿ ರಿಯಾಯಿತಿ ಅರ್ಜಿಗೆ ಸಹಿ ಹಾಕಬೇಕು, ರಕ್ತ ಹೊಂದಿಸಬೇಕು, ದಾನಿಗಳ ಮನೆಬಾಗಿಲಿಗೆ ಹೋಗಿ ಔಷಧದ ದುಡ್ಡು ತರಬೇಕು. ದಿನದ ಮುಕ್ಕಾಲು ಭಾಗ ಇದರಲ್ಲೇ ಮುಗಿಯುತ್ತಿತ್ತು. ಉಳಿದ ಕಾಲು ಭಾಗದಲ್ಲಿ ಅವರು ಮಾಡಿದ ಕೆಲಸಕ್ಕೆ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಕಾಲಮ್ಮೇ ಇರಲಿಲ್ಲ. ಗಾಯಗೊಂಡ ಮಗುವಿನ ಮಂಚದ ಕೆಳಗೆ ಚಾಪೆ ಹಾಸಿ ಮಲಗಿರುವವರ ಜೊತೆ, ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಬೀಡಿ ಹಚ್ಚಿ ಕೂತಿರುವವರ ಜೊತೆ, ಊರಲ್ಲೇ ಉಳಿದುಹೋದವರ ಜೊತೆ ಮಾತಾಡುವ ಕೆಲಸ ಅದು.

ಆ ದಾರಿಗೆ ಅವರನ್ನು ತಂದದ್ದು ಒಂದು ಬೆಂಕಿ. 1981ರ ಫೆಬ್ರವರಿ 7, ಶನಿವಾರ. ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿಕೊಂಡಿತು. ಸತ್ತವರು 90ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು. ಪೇಪರ್ ಮೇಡಂ ಆಗ ನಗರದಲ್ಲಿ ಸಮಾಜಕಾರ್ಯ ಓದುತ್ತಿದ್ದ ಹುಡುಗಿ. ಬಾಡಿಗೆಗಿದ್ದ ವಠಾರದ ಕೊನೆಯ ಮನೆಯಿಂದ ಒಬ್ಬ ಹುಡುಗ ಆ ದಿನ ಸರ್ಕಸ್ಸಿಗೆ ಹೋಗಿದ್ದ. ಎರಡೂ ಕೈ ಸುಟ್ಟುಕೊಂಡು ಬದುಕಿ ಬಂದ. ಅವನ ಕೈ ವಾಸಿಯಾಗುತ್ತ ಬಂತು. ಅವನ ತಾಯಿ ಮಾತ್ರ ನಲ್ಲಿ ಹತ್ತಿರ ಸಿಕ್ಕವರಿಗೆಲ್ಲ, ತಿಂಗಳುಗಟ್ಟಲೆ, ಒಂದೇ ಮಾತು ಹೇಳುತ್ತಿದ್ದಳು: ಟಿಕೆಟ್ಟಿಗೆ ದುಡ್ಡು ಕೊಟ್ಟವಳು ನಾನೇ. ಕೇಳಿದವರು “ಹುಡುಗ ಉಳಿದನಲ್ಲ, ಬಿಡಮ್ಮ” ಎಂದು ಬಿಂದಿಗೆ ಎತ್ತಿಕೊಂಡು ಹೋಗುತ್ತಿದ್ದರು.

ಆ ಸರ್ಕಸ್ ದುರಂತದಲ್ಲಿ ತಮ್ಮವರನ್ನು ಕಳೆದುಕೊಂಡವರ ಶೋಕವನ್ನು ನಿಮ್ಹಾನ್ಸ್‌ನ ತಜ್ಞರು ಅಧ್ಯಯನ ಮಾಡಿ 1987ರಲ್ಲಿ ನಿಮ್ಹಾನ್ಸ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಭಾರತದಲ್ಲಿ ದುರಂತದ ನಂತರದ ಮನಸ್ಸನ್ನು ಕುರಿತು ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು. ಅಮೆರಿಕದ ಬಾಸ್ಟನ್‌ನಲ್ಲಿ 1942ರಲ್ಲಿ ಕೋಕೊನಟ್ ಗ್ರೋವ್ ಎಂಬ ನೈಟ್‌ಕ್ಲಬ್ ಸುಟ್ಟು 492 ಜನ ಸತ್ತಾಗ, ಮನೋವೈದ್ಯ ಎರಿಕ್ ಲಿಂಡೆಮನ್ ಉಳಿದವರನ್ನೂ ಸತ್ತವರ ಮನೆಯವರನ್ನೂ ಕಂಡು 1944ರಲ್ಲಿ ಬರೆದ ಲೇಖನ ಮೇಡಂಗೆ ತರಗತಿಯಲ್ಲಿ ಪಾಠವಾಗಿತ್ತು. ಶೋಕದ ಲಕ್ಷಣಗಳಲ್ಲಿ ಲಿಂಡೆಮನ್ ಎಣಿಸಿದ್ದರಲ್ಲಿ ಒಂದು, ತಪ್ಪು ತನ್ನದೇ ಎನ್ನುವ ಭಾವ. ಪಾಠ ಕೇಳುವಾಗ ಅವರಿಗೆ ಬಾಸ್ಟನ್ ಕಾಣಲಿಲ್ಲ, ವಠಾರದ ನಲ್ಲಿ ಕಂಡಿತು.

ಇನ್ನು ಆ ಹಾವೇರಿಯ ಹುಡುಗ.

ಸಂಕ್ರಾಂತಿ ಕಳೆದು ಹತ್ತು ದಿನ. ಬಚ್ಚಲಲ್ಲಿ ಹಂಡೆ ಕುದಿಯುತ್ತಿತ್ತು. ತಾಯಿ ಹಂಡೆಯಿಂದ ಬಕೀಟಿಗೆ ಬಿಸಿನೀರು ತೋಡಿ, ತಣ್ಣೀರು ತರಲು ಹೊರಗಿನ ತೊಟ್ಟಿಗೆ ಹೋದಳು. ಅಷ್ಟರಲ್ಲಿ ಹುಡುಗ ಬಕೀಟಿನ ಹಿಡಿ ಜಗ್ಗಿದ. ಬಲಗೈ, ಕಂಕುಳು, ಎದೆಯ ಬಲಭಾಗ, ಕುತ್ತಿಗೆಯ ಅಂಚು. ಅಜ್ಜಿ ಓಡಿಬಂದು ಗಾಯದ ಮೇಲೆ ಶಾಯಿ ಸುರಿದಳು. ಆ ಕಾಲಕ್ಕೆ ಸುಟ್ಟಲ್ಲಿಗೆ ಶಾಯಿ, ಈಗ ಟೂತ್‌ಪೇಸ್ಟು. ಮಾಡಬೇಕಾದದ್ದು ಒಂದೇ. ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಮೊದಲು ಒಯ್ದ ಆಸ್ಪತ್ರೆಯಲ್ಲಿ ಆ ನೀಲಿ ಬಣ್ಣ ನೋಡಿ ಸಿಟ್ಟಾದವರೊಬ್ಬರು ಎಲ್ಲರೆದುರು ಕೇಳಿದರಂತೆ: ಮಗು ಸಾಕೋಕೆ ಬರದವರು ಯಾಕೆ ಹೆರುತ್ತೀರಿ? ಗಾಯದ ಆಳ, ಶೇಕಡಾವಾರು, ಹಾಕಿದ ಡ್ರಿಪ್, ಎಲ್ಲ ರೆಫರಲ್ ಚೀಟಿಯಲ್ಲಿತ್ತು. ಆ ಮಾತು ಚೀಟಿಯಲ್ಲಿರಲಿಲ್ಲ. ತಾಯಿ ಅದನ್ನು ಬೆಂಗಳೂರಿನವರೆಗೂ ಹೊತ್ತು ತಂದಿದ್ದಳು.

ಅಪ್ಪನ ತಂಗಿಯ ಮನೆ ಬೆಂಗಳೂರಿನಲ್ಲಿತ್ತು. ಚರ್ಮ ಕಸಿ ಮಾಡಿಸಲು ಅಲ್ಲಿಗೇ ಬಂದರು. ಪೇಪರ್ ಮೇಡಂ ಮಂಚದ ಬಳಿ ಹೋದಾಗ ತಾಯಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಅಜ್ಜಿ ಮಗುವಿಗೆ ಬೀಸಣಿಗೆ ಬೀಸುತ್ತ, ಸೊಸೆಯ ಬೆನ್ನಿಗೆ ಕೇಳುವಂತೆ, “ಒಂದ್ ಕೂಸು ನೋಡ್ಕೊಳ್ಳಾಕ ಆಗ್ಲಿಲ್ಲ ಈಕೀಗೆ. ಎಲ್ಲಿ ಸತ್ತಿದ್ಲೋ” ಎನ್ನುತ್ತಿದ್ದಳು. ಅಪ್ಪ ಔಷಧದ ಚೀಟಿ ಹಿಡಿದು ಓಡುವುದರಲ್ಲೇ ಇದ್ದ. ಓಡುವ ಕೆಲಸ ಇಲ್ಲದಾಗ ಹೊರಗೆ ಹೋಗಿ ನಿಲ್ಲುತ್ತಿದ್ದ.

“ಉಂಡೀರೇನು?” ಎಂದು ಕೇಳಿದರು ಮೇಡಂ. ಅವರ ಮೊದಲ ಪ್ರಶ್ನೆ ಯಾವಾಗಲೂ ಅದೇ. ಮಗುವಿಗೆ ಏನಾಯಿತು ಎಂದು ಅವರು ಕೇಳುತ್ತಿರಲಿಲ್ಲ. ಅದನ್ನು ಆಗಲೇ ಹತ್ತು ಜನ ಕೇಳಿರುತ್ತಾರೆ, ಪೊಲೀಸರೂ ಸೇರಿ. ಊಟದ ಪ್ರಶ್ನೆಗೆ ಉತ್ತರ ಕೊಡಲು ತಪ್ಪು ಒಪ್ಪಿಕೊಳ್ಳಬೇಕಾಗಿಲ್ಲ.

ಮೂರನೆಯ ದಿನ ತಾಯಿ ಬಾಯಿ ಬಿಟ್ಟಳು. “ನನ್ನ ಕೈಯಾರೆ ಆತ್ರಿ ಅಕ್ಕಾರ. ಬಕೀಟಿಗೆ ಮೊದ್ಲ ತಣ್ಣೀರು ಹಾಕಿದ್ರ ಹಿಂಗ ಆಗ್ತಿರಲಿಲ್ಲ.”

ಮೇಡಂ ಇಲ್ಲವೆನ್ನಲಿಲ್ಲ. ಇದನ್ನು ಹೇಳುವಾಗ ಅವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ‘ನಿಮ್ಮ ತಪ್ಪೇನೂ ಇಲ್ಲ’ ಎಂದುಬಿಡುವುದು ಸುಲಭ. ಆದರೆ ಆ ತಾಯಿಗೆ ತಣ್ಣೀರಿನ ಲೆಕ್ಕ ಗೊತ್ತು. ಹಾಗೆಂದವರನ್ನು ಅವಳು ಮತ್ತೆ ನಂಬುತ್ತಿರಲಿಲ್ಲ. “ಹೌದು, ಮೊದಲು ತಣ್ಣೀರು ಹಾಕಿದ್ದರೆ ಆಗುತ್ತಿರಲಿಲ್ಲ” ಎಂದರು. ಆಮೇಲೆ, ಆ ದಿನ ಬೆಳಗ್ಗೆ ಎದ್ದಾಗಿನಿಂದ ಏನೇನು ಕೆಲಸ ಮಾಡಿದ್ದಿರಿ ಎಂದು ವಿಚಾರಿಸಿದರು. ಐದಕ್ಕೆ ಎದ್ದದ್ದು, ರೊಟ್ಟಿ ಬಡಿದದ್ದು, ಗಂಡನ ಡ್ಯೂಟಿ ಬುತ್ತಿ, ಅತ್ತೆಯ ಗುಳಿಗೆ, ಎಮ್ಮೆ, ಮಗಳ ಜಡೆ. ಹೇಳುತ್ತ ಹೇಳುತ್ತ ತಾಯಿಗೇ ತಾನು ಆ ಮನೆಯಲ್ಲಿ ಎಷ್ಟು ಕೈಗಳ ಕೆಲಸ ಮಾಡುತ್ತಿದ್ದೆ ಎನ್ನುವುದು ಕಂಡಿತು. ಪಕ್ಕದಲ್ಲಿ ಅತ್ತೆಯ ಬೀಸಣಿಗೆ ನಿಂತಿತ್ತು.

ಇಂಗ್ಲಿಷಿನ ಕೌನ್ಸೆಲಿಂಗ್‌ಗೆ ಕನ್ನಡದಲ್ಲಿ ‘ಆಪ್ತ ಸಮಾಲೋಚನೆ’ ಎಂಬ ಮಾತು ನೆಲೆಗೊಂಡಿದೆ. ಒಳ್ಳೆಯ ಮಾತು, ಅದರ ‘ಆಪ್ತ’ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ವಾರ್ಡಿನಲ್ಲಿ ಮಾತ್ರ ಜನ ಇದನ್ನು ‘ಸಮಾಧಾನ ಹೇಳೋದು’ ಅನ್ನುತ್ತಾರೆ. ಸಮಾಧಾನ ಹೇಳಲು ನೆಂಟರು ಬೇಕಾದಷ್ಟು ಜನ ಬರುತ್ತಾರೆ. ಎಳನೀರು ಹಿಡಿದು ಬಂದು, ಮಂಚದ ಕಾಲ ಬಳಿ ನಿಂತು, ಹಣೆಬರಹ ತಪ್ಪಿಸೋಕಾಗುತ್ತಾ ಎಂದು ಹೇಳಿ ಹೋಗುತ್ತಾರೆ. ಅವರ ಕಳಕಳಿ ನಿಜವಾದದ್ದೇ. ಆದರೆ ಅವರು ಹೋದ ಮೇಲೆ ಉಳಿಯುವ ರಾತ್ರಿಗೆ ಆ ಮಾತು ಸಾಲುವುದಿಲ್ಲ.

ಈ ವಿವೇಕ ಮೇಡಂಗೆ ಹುಟ್ಟಿನಿಂದ ಬಂದದ್ದಲ್ಲ. ಅದಕ್ಕೂ ಆರು ವರ್ಷ ಮೊದಲು ಅವರಿಂದಲೇ ಒಂದು ತಪ್ಪಾಗಿತ್ತು. ತುಮಕೂರು ಕಡೆಯ ಹಳ್ಳಿಯೊಂದರಲ್ಲಿ ಗಾಳಿಪಟ ಹಾರಿಸುತ್ತ ಮಾಳಿಗೆಯಿಂದ ಬಿದ್ದ ಹುಡುಗ. ಅಪ್ಪನ ಕಣ್ಣೆದುರೇ ಬಿದ್ದಿದ್ದ. ಆಗ ಎಲ್ಲೆಡೆ ಹೇಳುತ್ತಿದ್ದ ವಿಧಾನವೆಂದರೆ, ಆಘಾತ ಕಂಡವರನ್ನು ಆದಷ್ಟು ಬೇಗ ಕೂರಿಸಿ ಘಟನೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿಸಿಬಿಡಬೇಕು, ಮನಸ್ಸು ಹಗುರಾಗುತ್ತದೆ. ಅಮೆರಿಕದ ಅಗ್ನಿಶಾಮಕ ಸಿಬ್ಬಂದಿಯಂಥವರಿಗಾಗಿ 1980ರ ದಶಕದಲ್ಲಿ ಹುಟ್ಟಿದ ಈ ‘ಡಿಬ್ರೀಫಿಂಗ್’ ತರಬೇತಿಗಳ ಮೂಲಕ ಎಲ್ಲ ಕಡೆ ಹರಡಿತ್ತು. ಅವರು ಅದೇ ರಾತ್ರಿ ಆ ತಂದೆಯನ್ನು ಕೂರಿಸಿ ಹೇಳಿಸಿದರು. ಏನು ಕಂಡಿರಿ, ಏನು ಕೇಳಿಸಿತು, ಆಮೇಲೆ? ಅವನು ಒಂದು ಗಂಟೆ ಹೇಳಿದ, ನಡುಗುತ್ತ. ಬೆಳಗಾಗುವ ಹೊತ್ತಿಗೆ ಆಸ್ಪತ್ರೆಯಲ್ಲಿ ಇರಲಿಲ್ಲ. ಹೆಂಡತಿ ಎರಡು ದಿನ ಒಬ್ಬಳೇ ಮಗನ ತಲೆ ಕಾದಳು. ಮೂರನೆಯ ದಿನ ಬಂದವನು ಮೇಡಂ ಮುಂದೆ ತಲೆ ತಗ್ಗಿಸಿ ನಿಂತು ಹೇಳಿದ್ದು ಇಷ್ಟು: “ನಿಮಗೆ ಹೇಳ್ದಾಗಿಂದ ಕಣ್ ಮುಚ್ಚಿದ್ರೆ ಅದೇ ಬತ್ತದೆ ಮೇಡಂ.”

ಆಕ್ಸ್‌ಫರ್ಡಿನ ಸಂಶೋಧಕರು ರಸ್ತೆ ಅಪಘಾತದಲ್ಲಿ ಗಾಯಗೊಂಡವರನ್ನು ಮೂರು ವರ್ಷ ಗಮನಿಸಿ 2000ದಲ್ಲಿ ಪ್ರಕಟಿಸಿದ ಫಲಿತಾಂಶ ಮೇಡಂ ಕೈಗೆ ಬಂದದ್ದು ಎಷ್ಟೋ ತಡವಾಗಿ. ಆರಂಭದಲ್ಲಿ ಹೆಚ್ಚು ನರಳುತ್ತಿದ್ದವರಲ್ಲಿ, ಡಿಬ್ರೀಫಿಂಗ್ ಪಡೆದವರು ಮೂರು ವರ್ಷದ ನಂತರವೂ ನರಳುತ್ತಲೇ ಇದ್ದರು; ಪಡೆಯದವರು ಸುಧಾರಿಸಿದ್ದರು. ಒಂದೇ ಸಲ ಕೂರಿಸಿ ಎಲ್ಲ ಹೇಳಿಸುವುದರಿಂದ ಮುಂದಿನ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಕೇಡೇ ಆಗಬಹುದು ಎಂಬುದು ಈಗ ಬಹುಮಟ್ಟಿಗೆ ಒಪ್ಪಿತ ವಿಷಯ. ಆ ಪುಟವನ್ನು ಓದಿದಾಗ ತಮಗೆ ಗಾಳಿಪಟದ ಹುಡುಗನ ಅಪ್ಪನ ಬಗ್ಗಿದ ತಲೆಯೇ ಕಂಡಿತು ಎನ್ನುತ್ತಾರೆ. ಅವನನ್ನು ಹುಡುಕಿ ಕ್ಷಮೆ ಕೇಳಬೇಕೆಂದಿದ್ದರು. ವಿಳಾಸ ಸಿಕ್ಕಲಿಲ್ಲ.

ಡ್ರೆಸಿಂಗ್ ದಿನ ಬಿಟ್ಟು ದಿನ ನಡೆಯುತ್ತಿತ್ತು. ನೋವಿನ ಔಷಧ ಕೊಟ್ಟೇ ಮಾಡುತ್ತಿದ್ದರು. ಆದರೂ ಟ್ರಾಲಿಯ ಗಾಲಿಯ ಸದ್ದು ಕೇಳಿದರೆ ಸಾಕು, ವಾರ್ಡಿನ ಮಕ್ಕಳೆಲ್ಲ ಒಟ್ಟಿಗೆ ಅಳಲು ಶುರು. ತಂದೆತಾಯಿಯರನ್ನು ಬಾಗಿಲ ಹೊರಗೆ ನಿಲ್ಲಿಸುವುದು ಪದ್ಧತಿ. ಒಳಗಿನ ಕೂಗು ಹೊರಗಿನವರಿಗೆ ಕೇಳುತ್ತದೆ. ಹೊರಗಿನವರು ಅಲ್ಲೇ ಇದ್ದಾರೆ ಎನ್ನುವುದು ಒಳಗಿನ ಮಗುವಿಗೆ ಗೊತ್ತಾಗುವುದಿಲ್ಲ. ಹಾವೇರಿಯ ತಾಯಿ ಆ ಹೊತ್ತಿಗೆ ಸೆರಗನ್ನು ಕಿವಿಗೆ ಒತ್ತಿಕೊಂಡು ಮೆಟ್ಟಿಲಿಳಿದು ಹೋಗುತ್ತಿದ್ದಳು. ಅಪ್ಪ ಬಾಗಿಲಿಗೆ ಹಣೆ ಹಚ್ಚಿ ನಿಲ್ಲುತ್ತಿದ್ದ.

ಮಗುವಿನ ಪಕ್ಕ ಹೆತ್ತವರಿರಬೇಕು ಎನ್ನುವುದನ್ನು ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಮನವರಿಕೆ ಮಾಡಲು ಒಂದು ಸಿನಿಮಾ ಬೇಕಾಯಿತು. ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ತೆಗೆದ ಆ ಚಿತ್ರದಲ್ಲಿ ಇರುವುದು ಎಂಟು ದಿನ ಆಸ್ಪತ್ರೆಯಲ್ಲಿ ಉಳಿದ ಎರಡು ವರ್ಷದ ಒಂದು ಹೆಣ್ಣುಮಗು, ಅದರ ಮುಖ. ನೋಡಿದ ವೈದ್ಯರಲ್ಲಿ ಹಲವರು ಮೊದಲು ರೇಗಿದರು. 1959ರಲ್ಲಿ ಪ್ಲಾಟ್ ಸಮಿತಿಯ ವರದಿ ಬಂದ ಮೇಲೆ ಬಾಗಿಲುಗಳು ನಿಧಾನವಾಗಿ ತೆರೆದವು. ನಮ್ಮಲ್ಲಿ ಆ ಸಮಸ್ಯೆ ಬೇರೆ ರೀತಿಯದು. ಇಲ್ಲಿ ಮನೆಯವರು ಯಾವಾಗಲೂ ವಾರ್ಡಿನಲ್ಲೇ ಇದ್ದಾರೆ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ಆವರಣದೊಳಗೆ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಇರಿಸಿಕೊಂಡು, ಅವರನ್ನೇ ಚಿಕಿತ್ಸೆಯ ಭಾಗ ಮಾಡಿಕೊಂಡಿದ್ದರು. ಬೇರೆಡೆ ಮನೆಯವರನ್ನು ನಾವು ಸಾಮಾನು ತರುವವರು, ಬೆಡ್‌ಪ್ಯಾನ್ ಇಡುವವರು ಎಂದಷ್ಟೇ ಕಂಡೆವು. ಮುಖ್ಯ ಗಳಿಗೆ ಬಂದಾಗ ಹೊರಗೆ ಕಳಿಸಿದೆವು.

ಮೇಡಂ ಸರ್ಜನ್ ಬಳಿ ಹೋಗಿ ಅಪ್ಪನನ್ನು ಒಳಗೆ ಬಿಡಿ ಎಂದು ಕೇಳಿದರು. ಸೋಂಕಿನ ಭಯ ಇತ್ತು, ತಲೆತಿರುಗಿ ಬಿದ್ದಾನೆಂಬ ಭಯವೂ ಇತ್ತು. ಗೌನು, ಮಾಸ್ಕು, ತಲೆಯ ಕಡೆ ಮಾತ್ರ ನಿಲ್ಲುವುದು, ಗಾಯ ನೋಡಕೂಡದು ಎಂಬ ಕರಾರಿನ ಮೇಲೆ ಒಂದು ಸಲಕ್ಕೆ ಅನುಮತಿ ಸಿಕ್ಕಿತು. ಒಳಗೆ ಬಂದ ಅಪ್ಪನಿಗೆ ಏನು ಮಾತಾಡಬೇಕೋ ತಿಳಿಯಲಿಲ್ಲ. ಮಗ ಕಿರುಚುತ್ತಿದ್ದ. “ನಿಮ್ಮ ಬಸ್ಸಿನಲ್ಲಿ ಏನು ಹೇಳ್ತೀರೋ ಅದನ್ನೇ ಹೇಳಿ” ಎಂದರು ಮೇಡಂ.

ಅವನು ಗಂಟಲು ಸರಿಮಾಡಿಕೊಂಡು, ಡ್ಯೂಟಿ ದನಿಯಲ್ಲೇ, “ರೈಟ್, ಹಾವೇರಿ ಬಿಡ್ತು” ಎಂದ. ಸಿಸ್ಟರ್ ಕೈ ಒಂದು ಕ್ಷಣ ನಿಂತಿತು. ಮೋಟೆಬೆನ್ನೂರು. ಯಾರರ ಇಳಿಯೋರು? ರಾಣೆಬೆನ್ನೂರು. ಹುಡುಗ ಬಿಕ್ಕುತ್ತಲೇ ಹರಿಹರ ಎಂದ. ಅವನಿಗೆ ದಾವಣಗೆರೆಯವರೆಗೆ ಗೊತ್ತಿತ್ತು. ಒಂದು ಸಲದ ಅನುಮತಿ ಹಾಗೇ ಮುಂದುವರಿಯಿತು; ಮುಂದಿನ ಊರುಗಳನ್ನು ಹುಡುಗ ಆ ಕೋಣೆಯಲ್ಲೇ ಕಲಿತ. ಎರಡನೆಯ ವಾರದ ಹೊತ್ತಿಗೆ ಒಂದು ವ್ಯವಸ್ಥೆಯಾಗಿತ್ತು: ಚಿತ್ರದುರ್ಗ ಬಂದಾಗ ಬಸ್ಸು ನಿಲ್ಲುತ್ತದೆ, ಸಿಸ್ಟರ್ ಕೈ ತೆಗೆಯಬೇಕು, ಹುಡುಗ ನೀರು ಕುಡಿಯಬೇಕು. ಅವನು ‘ರೈಟ್’ ಅಂದ ಮೇಲೆಯೇ ಮತ್ತೆ ಶುರು. ನೋವು ಹೋಗಲಿಲ್ಲ. ಹಿರಿಯೂರು ಸಿರಾದ ನಡುವೆ, ಕಂಕುಳ ಡ್ರೆಸಿಂಗ್ ಬರುತ್ತಿದ್ದದ್ದು ಅಲ್ಲೇ, ಅವನ ಕೂಗು ಕಾರಿಡಾರಿನ ಕೊನೆಯವರೆಗೆ ಕೇಳುತ್ತಿತ್ತು. ಆದರೆ ನೋವು ಎಲ್ಲಿ ಮುಗಿಯುತ್ತದೆ ಎಂಬುದು ಈಗ ಅವನಿಗೆ ಗೊತ್ತಿತ್ತು. ಅಪ್ಪನೂ ಹೊರಗೆ ಬೇವಿನ ಕಟ್ಟೆಗೆ ಹೋಗುವುದನ್ನು ಬಿಟ್ಟಿದ್ದ.

ಕಸಿಯ ದಿನ ಅವನು ಸರ್ಜನ್ ಮುಂದೆ ತನ್ನ ತೊಡೆ ಮುಟ್ಟಿ ತೋರಿಸಿ, “ನನ್ನ ಚರ್ಮ ತಗೊಳ್ರಿ ಸಾಹೇಬ್ರ” ಎಂದಿದ್ದ. ಇನ್ನೊಬ್ಬರ ಚರ್ಮ, ಅಪ್ಪನದೇ ಆದರೂ, ಮಗುವಿನ ಮೈಯಲ್ಲಿ ಕೆಲವು ವಾರಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ದೇಹ ಅದನ್ನು ತಳ್ಳುತ್ತದೆ ಎಂದು ಸರ್ಜನ್ ವಿವರಿಸಿದರು. ಮಗುವಿನ ತೊಡೆಯಿಂದಲೇ ತೆಳುವಾಗಿ ತೆಗೆದರು. ಹಾಗಾಗಿ ಮನೆಯವರ ಕಣ್ಣಿಗೆ ಈಗ ಎರಡು ಗಾಯ. ಮೊದಲೇ ಇದನ್ನು ಕೂರಿಸಿ ಹೇಳಿರದಿದ್ದರೆ ಆ ಎರಡನೆಯ ಗಾಯ ನೋಡಿ ಅವರು ಏನೆಂದುಕೊಳ್ಳುತ್ತಿದ್ದರೋ! ಕೌನ್ಸೆಲಿಂಗ್ ಎಂದು ಕರೆಯುವುದರಲ್ಲಿ ಅರ್ಧಕ್ಕರ್ಧ ಇದೇ: ನಾಳೆ ಏನಾಗುತ್ತದೆ ಎಂಬುದನ್ನು ಇವತ್ತು, ಅವರ ಮಾತಿನಲ್ಲಿ, ಇನ್ನೊಮ್ಮೆ ಕೇಳಿದರೂ ಬೇಸರಿಸದೆ ಹೇಳುವುದು.

“ಮನೆಯಲ್ಲಿ ಇನ್ನು ಯಾರಿದ್ದಾರೆ?” ಎಂದು ಮೇಡಂ ಕೇಳಿದ್ದು ಮೂರನೆಯ ವಾರದಲ್ಲಿ. ಮೊದಲ ದಿನವೇ ಕೇಳಬೇಕಿತ್ತು ಎಂದು ಈಗಲೂ ಹಳಹಳಿಸುತ್ತಾರೆ.

ಒಂಬತ್ತು ವರ್ಷದ ಮಗಳಿದ್ದಳು. ಊರಲ್ಲಿ ದೊಡ್ಡಪ್ಪನ ಮನೆಯಲ್ಲಿ ಬಿಟ್ಟು ಬಂದಿದ್ದರು. ಶಾಲೆಗೆ ಹೋಗುತ್ತಿಲ್ಲ, ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾಳೆ, ಯಾರೊಂದಿಗೂ ಮಾತಿಲ್ಲ ಎಂದು ಫೋನಿನಲ್ಲಿ ಸುದ್ದಿ ಬಂದಿತ್ತು. ಸೊಕ್ಕು, ಎಂದಳು ಅಜ್ಜಿ. ತಾಯಿ ಮಾತ್ರ ಮೆಲ್ಲಗೆ, ತಣ್ಣೀರಿಗೆ ಹೋಗುವಾಗ ತಾನು ಹಿಂದಿರುಗಿ ನೋಡದೆ ಒಂದು ಮಾತು ಹೇಳಿದ್ದೆ ಎಂದಳು: “ತಮ್ಮನ್ನ ನೋಡ್ಕೋ.”

ಅಪ್ಪ ಮುಂದಿನ ವಾರ ಅವಳನ್ನು ಕರೆತಂದ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ವಾರ್ಡಿನಲ್ಲಿ ಪ್ರವೇಶವಿರಲಿಲ್ಲ. ಮೇಡಂ ತಮ್ಮ ಕೋಣೆಯಲ್ಲಿ ಕೂರಿಸಿಕೊಂಡರು. ಹುಡುಗಿ ಬೆಂಚಿನ ತುದಿಯಲ್ಲಿ, ಲಂಗದ ಅಂಚು ಹಿಡಿದು ಕೂತಳು. ಅರ್ಧ ಗಂಟೆ ಏನೂ ಇಲ್ಲ. ಮೇಡಂ ಒಂದು ಬಟ್ಟೆಗೊಂಬೆ ತೆಗೆದು ಅದರ ಬಲಗೈಗೆ ಬ್ಯಾಂಡೇಜು ಸುತ್ತತೊಡಗಿದರು. ತಮ್ಮನಿಗೆ ಎಲ್ಲೆಲ್ಲಿ ಸುತ್ತಿದ್ದಾರೆ, ಯಾಕೆ, ಎಷ್ಟು ದಿನ, ಎಂದು ಹೇಳುತ್ತ ಹೋದರು. ಎದೆಯವರೆಗೆ ಬಂದಾಗ ಹುಡುಗಿ ಕೇಳಿದಳು: “ಹಂಗಾರ ಅವ ಸತ್ತಿಲ್ಲೇನ್ರಿ?”

ದೊಡ್ಡವರು ಗುಟ್ಟಾಗಿ ಮಾತಾಡುತ್ತಿದ್ದರು, ಅವ್ವ ಅತ್ತುಕೊಂಡು ಹೋದಳು, ತಿಂಗಳಾದರೂ ಬರಲಿಲ್ಲ. ಒಂಬತ್ತು ವರ್ಷದ ಬುದ್ಧಿ ಅದನ್ನೆಲ್ಲ ಕೂಡಿಸಿ ತೆಗೆದ ಉತ್ತರ ಅದು. ಕೊಂದವಳು ತಾನೇ ಎಂಬುದೂ ಅದೇ ಲೆಕ್ಕದಲ್ಲಿತ್ತು. ಆ ದಿನ ಮಧ್ಯಾಹ್ನ ಸಿಸ್ಟರ್ ತಮ್ಮನನ್ನು ಎತ್ತಿಕೊಂಡು ಕಿಟಕಿಗೆ ತಂದರು. ಅಕ್ಕ ಕಾರಿಡಾರಿನಲ್ಲಿ ನಿಂತು ನೋಡಿದಳು. ತಮ್ಮ ಎಡಗೈ ಎತ್ತಿ, “ಚಿತ್ರದುರ್ಗ ಆದ್ಮ್ಯಾಲೆ ಯಾವ್ದ ಹೇಳು?” ಎಂದು ಕೂಗಿದ. ಅವಳಿಗೆ ಗೊತ್ತಿರಲಿಲ್ಲ.

ಗಾಯಗೊಂಡ ಮಗುವಿಗೆ ಅಣ್ಣನೋ ಅಕ್ಕನೋ ಇದ್ದರೆ, ಆ ಇನ್ನೊಂದು ಮಗು ಮನೆಯಲ್ಲಿ ಯಾರಿಗೂ ಕಾಣದಾಗುತ್ತದೆ. ಮೈಮೇಲೆ ಗಾಯವಿಲ್ಲ, ಹಟವಿಲ್ಲ, ಊಟಕ್ಕೆ ಕರೆದರೆ ಬರುತ್ತದೆ. ಒಳ್ಳೆ ಮಗು ಎನ್ನಿಸಿಕೊಳ್ಳುತ್ತದೆ. ಮೇಡಂ ಅಲ್ಲಿಂದ ಮುಂದೆ ತಮ್ಮ ಪುಸ್ತಕದಲ್ಲಿ ಪ್ರತಿ ಮಗುವಿನ ಹೆಸರಿನ ಪಕ್ಕ ಒಡಹುಟ್ಟಿದವರಿಗೆಂದು ಒಂದು ಗೆರೆ ಎಳೆದುಕೊಂಡರು.

ಡಿಸ್ಚಾರ್ಜ್ ಆದ ಮೇಲೆ ಮನೆಯವರು ಒಂಟಿಯಾಗುತ್ತಾರೆ. ಗಾಯ ಮಾಯ್ದ ಜಾಗದಲ್ಲಿ ಚರ್ಮ ದಪ್ಪಗಾಗಿ ಉಬ್ಬದಿರಲೆಂದು ಬಿಗಿ ಅಂಗಿ ಹಾಕಬೇಕು, ಸ್ನಾನದ ಹೊತ್ತು ಬಿಟ್ಟರೆ ದಿನವಿಡೀ, ತಿಂಗಳುಗಟ್ಟಲೆ. ಬಯಲುಸೀಮೆಯ ಏಪ್ರಿಲ್‌ನಲ್ಲಿ ಅದು ಎಂಥ ಹಿಂಸೆ! ರಾತ್ರಿ ನವೆ. ಕೈ ಮೇಲೆತ್ತುವ ವ್ಯಾಯಾಮ ಮಾಡಿಸುವಾಗ ಮಗು ಅತ್ತರೆ, ಮತ್ತೆ ಮಗುವನ್ನು ನೋಯಿಸುವವಳು ತಾಯಿಯೇ. ಇದನ್ನೆಲ್ಲ ನೆನೆದು ಮೇಡಂ ತಮ್ಮ ವಿಳಾಸ ಬರೆದ ಹತ್ತು ಪೋಸ್ಟ್‌ಕಾರ್ಡುಗಳನ್ನು ಆ ತಾಯಿಯ ಕೈಗಿತ್ತರು. ತಿಂಗಳಿಗೊಂದು ಸಾಲು ಸಾಕು ಎಂದರು. ತಾಯಿ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಕಾರ್ಡು ಬರೆದದ್ದು ಮಗಳು.

ಮೇಡಂ ಈಗ ತೋರಿಸಲೆಂದು ತೆಗೆದ ಆ ಕಾರ್ಡುಗಳ ಅಂಚು ಹಳದಿಯಾಗಿದೆ. ಗುಂಡನೆಯ ಅಕ್ಷರ, ಒತ್ತಿ ಬರೆದದ್ದು. ಮೊದಲೆರಡರಲ್ಲಿ ಎಲ್ಲರೂ ಆರಾಮ, ನೀವೂ ಆರಾಮ ಎಂದು ತಿಳಿಯುತ್ತೇವೆ ಎಂಬ ಒಕ್ಕಣೆಯಷ್ಟೇ. ಮೂರನೆಯದರಲ್ಲಿ ವಿಷಯ ಬಂತು: ಅವ್ವ ಬಚ್ಚಲಕ್ಕ ಹೋಗುವುದಿಲ್ಲ, ನೀರು ಕುದಿಯುವ ಸಪ್ಪಳ ಕೇಳಿದರೆ ಅವ್ವನ ಕೈ ನಡುಗುತ್ತವೆ. ಚೆಕಪ್‌ಗೆ ಬಂದಾಗ ಮೇಡಂ ತಾಯಿಯೊಂದಿಗೆ ಕೂತು ಮೆಟ್ಟಿಲು ಮಾಡಿದರು. ಮೊದಲ ವಾರ ಗಂಡ ಒಲೆ ಹಚ್ಚಲಿ, ನೀವು ಅಂಗಳದಲ್ಲಿರಿ. ಮುಂದಿನ ವಾರ ಬಾಗಿಲಲ್ಲಿ. ಆಮೇಲೆ ಒಳಗೆ ಬಂದು ಬಕೀಟಿಗೆ ತಣ್ಣೀರು ಮಾತ್ರ ಹಾಕಿ. ಇದು ಆತುರದ ಕೆಲಸವಲ್ಲ. ಗಂಡನಿಗೂ ಒಂದು ಕೆಲಸ ಹಚ್ಚಿದರು, ಅತ್ತೆಗೂ: ವ್ಯಾಯಾಮದ ಹೊತ್ತಿಗೆ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವಳು ಅಜ್ಜಿಯೇ ಆಗಬೇಕು. ಮಗುವಿನ ಕೈ ಹಿಡಿದು ಎತ್ತಿಸಿದ ಮೇಲೆ ಅಜ್ಜಿಯ ಬಾಯಲ್ಲಿ ಆ ಹಳೆಯ ಮಾತು ಬರಲಿಲ್ಲವಂತೆ.

ಏಳನೆಯ ಕಾರ್ಡಿನಲ್ಲಿ ಇರುವುದು ಎರಡೇ ಸಾಲು. “ಇವತ್ತ ಅವ್ವ ಬಚ್ಚಲಕ್ಕ ಒಬ್ಬಾಕೀನ ಹೋದಳು. ನಾನು ಬಾಗಿಲದಾಗ ನಿಂತಿದ್ದೆ.”

ಎಲ್ಲ ಮನೆಗಳಲ್ಲೂ ಹೀಗಾಗಲಿಲ್ಲ. ಅಪ್ಪನ ಬೈಕಿನ ಟ್ಯಾಂಕಿನ ಮೇಲೆ ಕೂತು ಬರುತ್ತಿದ್ದಾಗ ಬಿದ್ದು ತಲೆಗೆ ಪೆಟ್ಟಾದ ಒಬ್ಬ ಹುಡುಗನ ಮನೆ ಒಡೆದೇಹೋಯಿತು. ಹೊಲಿಗೆ ಮಾಯ್ದ ಮೇಲೆ ಎಲ್ಲರೂ ಹುಡುಗ ಮೊದಲಿನ ಹಾಗಾದ ಎಂದುಕೊಂಡರು; ಅವನು ಸಿಟ್ಟಿನವನಾದ, ಮರೆಗುಳಿಯಾದ, ಮೇಷ್ಟರು ಹಟ ಎಂದು ಹೊಡೆದರು. ಮಿದುಳಿನ ಪೆಟ್ಟು ಹಟದ ವೇಷದಲ್ಲಿ ಬರುತ್ತದೆ ಎಂದು ಆ ಮನೆಗೆ, ಆ ಶಾಲೆಗೆ ಯಾರಾದರೂ ಹೋಗಿ ಹೇಳಬೇಕಿತ್ತು. ಅಷ್ಟು ದೂರ ಹೋಗಲು ಮೇಡಂಗೆ ರಜೆಯೂ ಇರಲಿಲ್ಲ, ಭತ್ಯೆಯೂ ಇರಲಿಲ್ಲ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವಾಗ ಹೆಲ್ಮೆಟ್, ಸುರಕ್ಷಾ ಪಟ್ಟಿ, ಗಂಟೆಗೆ 40 ಕಿ.ಮೀ. ಮಿತಿ ಎಂಬ ಕೇಂದ್ರದ ನಿಯಮ ಬಂದದ್ದು 2022ರಲ್ಲಿ. ಅಪಘಾತದಲ್ಲಿ ಮಿದುಳಿಗೆ ಪೆಟ್ಟಾದ ಬಾಲಕಿಯೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ, ಅವಳನ್ನು ಜೀವಮಾನವಿಡೀ ನೋಡಿಕೊಳ್ಳುವವರ ಖರ್ಚನ್ನೂ ತಿಂಗಳ ಲೆಕ್ಕದಲ್ಲಿ ಗುಣಿಸಿ ಪರಿಹಾರಕ್ಕೆ ಸೇರಿಸಿತು. ನೋಡಿಕೊಳ್ಳುವುದೂ ಒಂದು ದುಡಿಮೆ ಎಂದು ಅಷ್ಟು ಎತ್ತರದಿಂದ ಒಬ್ಬರು ಹೇಳಿದ್ದು ಓದಿ ಮೇಡಂ ಆ ಪತ್ರಿಕೆಯ ತುಣುಕನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ.

ಈಗ ಮಾರ್ಗಗಳು ಹೆಚ್ಚಿವೆ. ತುರ್ತು ಚಿಕಿತ್ಸೆಯಲ್ಲಿ ಉಸಿರುನಾಳ, ಉಸಿರಾಟ, ರಕ್ತಚಲನೆ ಎಂಬುದಕ್ಕೆ ವೈದ್ಯರು ಎ, ಬಿ, ಸಿ ಎನ್ನುತ್ತಾರೆ. ಅದರ ಮುಂದೆ ಡಿ, ಇ, ಎಫ್ ಸೇರಿಸಬೇಕೆಂದು ಅಮೆರಿಕದ ಮಕ್ಕಳ ಆಘಾತ ತಜ್ಞರು ಹೇಳಿಕೊಟ್ಟರು: ಡಿಸ್ಟ್ರೆಸ್, ಎಮೋಷನಲ್ ಸಪೋರ್ಟ್, ಫ್ಯಾಮಿಲಿ. ಮಗುವಿನ ಸಂಕಟ ತಗ್ಗಿಸಿ, ಆಸರೆ ಯಾರೆಂದು ಕೇಳಿ, ಮನೆಯವರನ್ನು ಮರೆಯಬೇಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು; ಅದರ ಮುಖ್ಯ ಕೇಂದ್ರ ನಿಮ್ಹಾನ್ಸ್. ಮಕ್ಕಳಿಗಾಗಿ 1098 ಇದೆ. ಈ ಸಂಖ್ಯೆಗಳು ಪ್ರತಿ ಮಕ್ಕಳ ವಾರ್ಡಿನ ಗೋಡೆಯ ಮೇಲೆ, ಚಾಪೆಯ ಮೇಲೆ ಕೂತವರ ಕಣ್ಣಳತೆಗೆ ಬರೆದಿರಬೇಕು ಎಂಬುದು ಮೇಡಂ ಒತ್ತಾಯ. ನಿಂತು ಓದುವ ಎತ್ತರಕ್ಕಲ್ಲ.

ಮಗು ಬೆಳೆಯುತ್ತದೆ, ಸುಟ್ಟ ಕಲೆ ಅದರ ಸಮಕ್ಕೆ ಬೆಳೆಯುವುದಿಲ್ಲ. 2006ರಲ್ಲಿ, ಹನ್ನೊಂದು ವರ್ಷದ ಆ ಹುಡುಗನ ಕಂಕುಳು ಬಿಗಿದು ಕೈ ಭುಜದ ಮೇಲಕ್ಕೆ ಏಳದಾದಾಗ, ಮತ್ತೊಂದು ಶಸ್ತ್ರಚಿಕಿತ್ಸೆಗೆ ಬಂದರು. ಅಪ್ಪ, ಅವ್ವ, ಮತ್ತು ಈಗ ಹದಿನಾರರ ಅಕ್ಕ. ಅಜ್ಜಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಥಿಯೇಟರಿನ ಒಳಬಾಗಿಲವರೆಗೆ ಮೇಡಂ ಜೊತೆಗೆ ಹೋದರು. ಅರಿವಳಿಕೆ ಕೊಡುವ ಡಾಕ್ಟರು ಮಾಸ್ಕ್ ಹಿಡಿದು ಒಂದರಿಂದ ಎಣಿಸು ಎಂದರು. ಹುಡುಗ ಎಣಿಸಲಿಲ್ಲ. ನೆಲಮಂಗಲ, ಡಾಬಸ್‌ಪೇಟೆ, ಎಂದು ಶುರುಮಾಡಿದ. ಮೇಡಂ ಅಚ್ಚರಿಯಿಂದ ನೋಡಿದರೆ, “ಈ ಸಲ ಊರಿಗೆ ಹೊಂಟೇನಲ್ರಿ” ಎಂದ. ತುಮಕೂರು ಎನ್ನುವಷ್ಟರಲ್ಲಿ ಕಣ್ಣು ಮುಚ್ಚಿತ್ತು.

ಹೊರಗೆ ಬೆಂಚಿನ ಮೇಲೆ ತಾಯಿ, ಮಗಳು. ಅಪ್ಪ ನಿಂತೇ ಇದ್ದ.

“ಎಲ್ಲೀತನಾ ಬಂದಿದ್ನ್ರಿ?” ಎಂದು ಕೇಳಿದಳು ಅಕ್ಕ.

“ತುಮಕೂರು.”

“ಹಂಗಾರ ಸಿರಾದಾಗ ಬಸ್ ಊಟಕ್ಕ ನಿಲ್ತೈತಿ” ಎಂದು ಅವಳು ಬುತ್ತಿಯ ಗಂಟು ಬಿಚ್ಚಿದಳು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಣಗಿದ ಬದನೆಕಾಯಿ ಪಲ್ಲೆ. ಮೊದಲ ರೊಟ್ಟಿಯನ್ನು ಮುರಿದು ಅವ್ವನ ಕೈಗೆ ಕೊಟ್ಟಳು, ಎರಡನೆಯದನ್ನು ಮೇಡಂ ಕಡೆ ಚಾಚಿ ಕೇಳಿದಳು: “ಉಂಡೀರೇನ್ರಿ?”